ಹಾಲು ಮೊಸರಾಗುವುದು ಯಾವ ಶಾಖೆ?

ಪುಣೆಯಲ್ಲಿ ನಾವಿರುವ ಸೊಸೈಟಿಯ ಮೂರನೇ ಮಹಡಿಯಲ್ಲಿ ವಿಜಯಪುರದ ಕಡೆಯ ಒಂದು ಕುಟುಂಬವಿದೆ. ಆ ಮನೆಯ ಹುಡುಗಿ ಆರನೇ ತರಗತಿ. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಕಳೆದ ಜುಲೈನ ಒಂದು ಸಂಜೆ ಅವಳು ವಿಜ್ಞಾನದ ಯೂನಿಟ್ ಟೆಸ್ಟಿನ ಹಾಳೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ‘ಹೊಂದಿಸಿ ಬರೆಯಿರಿ’ ಎಂಬ ಪ್ರಶ್ನೆಯಲ್ಲಿ ಎಡಗಡೆ ನಾಲ್ಕು ಸಂಗತಿಗಳಿದ್ದವು: ನೆರಳು ಬೀಳುವುದು, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ಬೀಜ ಮೊಳೆಯುವುದು, ಹಾಲು ಮೊಸರಾಗುವುದು. ಬಲಗಡೆ ವಿಜ್ಞಾನದ ಮೂರು ಶಾಖೆಗಳು: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ. ಅವಳು ಮೊಸರಿನಿಂದ ಜೀವಶಾಸ್ತ್ರಕ್ಕೆ ಗೆರೆ ಎಳೆದಿದ್ದಳು. ಅದರ ಮೇಲೆ ಕೆಂಪು ಶಾಯಿಯ ಕಾಟು. ಪಕ್ಕದಲ್ಲಿ ‘ಸರಿ’ ಉತ್ತರ: ರಸಾಯನಶಾಸ್ತ್ರ. ಒಂದು ಅಂಕ ಹೋಗಿತ್ತು.

“ಕಾಕಾ, ಭಾಳ ಬಿಸಿ ಹಾಲಿಗೆ ಹೆಪ್ಪು ಹಾಕಿದ್ರ ಹೆಪ್ಪು ಸಾಯತದ ಅಂತ ಅಜ್ಜಿ ಹೇಳ್ತಾಳ್ರಿ. ಸಾಯತದ ಅಂದ್ರ ಅದರಾಗ ಜೀವ ಇತ್ತು ಅಂದಂಗ ಆತಲ್ರಿ. ಮತ್ತ ನಂದು ಹೆಂಗ ತಪ್ಪು?”

ನಾನು ರಸಾಯನಶಾಸ್ತ್ರ ಓದಿದವನು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅದರಿಂದಲೇ ಅನ್ನ ತಿಂದಿದ್ದೇನೆ. ನನ್ನ ಶಾಖೆಗೆ ಪುಕ್ಕಟೆಯಾಗಿ ಸಿಕ್ಕ ಆ ಒಂದು ಅಂಕವನ್ನು ನೋಡಿ ನನಗೆ ನಾಚಿಕೆಯಾಯಿತು. ಹನ್ನೊಂದು ವರ್ಷದ ಮಗು ಅಜ್ಜಿಯ ಒಂದು ಮಾತನ್ನು ಹಿಡಿದು, ಅದರಿಂದ ಒಂದು ತೀರ್ಮಾನ ತೆಗೆದು, ಆ ತೀರ್ಮಾನವನ್ನು ಹೊಸ ಪ್ರಶ್ನೆಗೆ ಅನ್ವಯಿಸಿದ್ದಳು. ಇಡೀ ಪ್ರಶ್ನೆಪತ್ರಿಕೆಯಲ್ಲಿ ವಿಜ್ಞಾನ ನಡೆದಿದ್ದರೆ ಅದು ಆ ಒಂದೇ ಗೆರೆಯಲ್ಲಿ ನಡೆದಿತ್ತು. ಶಾಲೆ ಅದನ್ನೇ ಕಾಟು ಹೊಡೆದಿತ್ತು.

ಈ ಬರಹ ಆ ಶಿಕ್ಷಕಿಯ ಮೇಲಿನ ದೂರಲ್ಲ. ಅವರ ತರಗತಿಯಲ್ಲಿ ಐವತ್ತರ ಹತ್ತಿರ ಮಕ್ಕಳಿದ್ದಾರೆ. ಪ್ರಶ್ನೆಪತ್ರಿಕೆಯೂ ಉತ್ತರಸೂಚಿಯೂ ಅವರ ಕೈಗೆ ಸಿದ್ಧವಾಗಿ ಬರುತ್ತವೆ. ನನ್ನ ತಕರಾರು ಒಂದು ಪದ್ಧತಿಯ ಮೇಲೆ. ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ವಿಜ್ಞಾನದ ಪರಿಚಯ ಮಾಡಿಕೊಡುವಾಗ ಮೊದಲು ಒಂದು ವ್ಯಾಖ್ಯೆ, ಆಮೇಲೆ ಒಂದು ಮರದ ಚಿತ್ರ, ಮರಕ್ಕೆ ಮೂರು ಕೊಂಬೆ, ಪ್ರತಿ ಕೊಂಬೆಗೆ ಒಂದೊಂದು ಸಾಲಿನ ವಿವರಣೆ, ಕೊನೆಗೆ ಯಾವುದು ಯಾವ ಕೊಂಬೆಗೆ ಸೇರುತ್ತದೆ ಎಂಬ ಪರೀಕ್ಷೆ. ಗೈಡುಗಳಲ್ಲಿ, ಟ್ಯೂಷನ್ ನೋಟ್ಸುಗಳಲ್ಲಿ, ಆರನೇ ತರಗತಿಯಿಂದಲೇ ಶುರುವಾಗುವ ‘ಫೌಂಡೇಶನ್’ ಕೋರ್ಸುಗಳಲ್ಲಿ ಇದೇ ಮೊದಲ ಪಾಠ. ಇದು ಪರಿಚಯವಲ್ಲ, ವಿಂಗಡಣೆ ಎಂಬುದು ನನ್ನ ವಾದ. ವಿಂಗಡಣೆಯನ್ನೇ ಮೊದಲು ಕಲಿಸಿದರೆ ಮಗು ವಿಜ್ಞಾನವನ್ನು ಕಲಿಯುವ ಮೊದಲೇ ಅದರ ಬಗ್ಗೆ ಒಂದು ಸುಳ್ಳನ್ನು ಕಲಿಯುತ್ತದೆ.

ಸುಳ್ಳು ಎಂದು ಯಾಕೆ ಹೇಳುತ್ತಿದ್ದೇನೆ ಎಂಬುದಕ್ಕೆ ಮೊಸರನ್ನೇ ನೋಡೋಣ.

ಹಾಲು ಹುಳಿಯಾಗುವುದು, ಹಣ್ಣಿನ ರಸ ಹೆಂಡವಾಗುವುದು ರಸಾಯನಶಾಸ್ತ್ರವೋ ಜೀವಶಾಸ್ತ್ರವೋ ಎಂದು 19ನೇ ಶತಮಾನದ ಯುರೋಪಿನಲ್ಲಿ ದೊಡ್ಡ ದೊಡ್ಡವರೇ ದಶಕಗಟ್ಟಲೆ ಜಗಳವಾಡಿದ್ದಾರೆ. ಜರ್ಮನಿಯ ರಸಾಯನಶಾಸ್ತ್ರಜ್ಞರಲ್ಲಿ ಅತ್ಯಂತ ಹೆಸರುವಾಸಿಯಾಗಿದ್ದ ಲೀಬಿಗ್, ಹುದುಗುವಿಕೆ ಎಂಬುದು ಕೇವಲ ರಾಸಾಯನಿಕ ವಿಘಟನೆ, ಅದಕ್ಕೆ ಜೀವಿಗಳ ಹಂಗಿಲ್ಲ ಎಂದು ಹಟ ಹಿಡಿದಿದ್ದರು. ಫ್ರಾನ್ಸಿನ ಲೂಯಿ ಪಾಶ್ಚರ್ 1857ರಲ್ಲಿ, ಹಾಲು ಹುಳಿಯಾಗುವುದರ ಹಿಂದೆ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳಿವೆ ಎಂದು ತೋರಿಸಿದರು. ಪಾಶ್ಚರ್ ಜೀವಶಾಸ್ತ್ರಜ್ಞರಲ್ಲ, ಅವರೂ ಓದಿದ್ದು ರಸಾಯನಶಾಸ್ತ್ರವನ್ನೇ. ಅಲ್ಲಿಗೆ ಜಗಳ ಮುಗಿಯಿತೇ? ಇಲ್ಲ. 1897ರಲ್ಲಿ ಎಡುವಾರ್ಡ್ ಬುಕ್ನರ್ ಯೀಸ್ಟ್ ಕಣಗಳನ್ನು ಅರೆದು, ಹಿಂಡಿ, ಒಂದೂ ಜೀವಂತ ಕೋಶವಿಲ್ಲದ ರಸ ತೆಗೆದರು. ಆ ರಸ ಕೂಡ ಸಕ್ಕರೆಯನ್ನು ಆಲ್ಕೋಹಾಲ್ ಮಾಡಿತು. ಕೆಲಸ ಮಾಡುವುದು ಕಿಣ್ವಗಳು. ಅವನ್ನು ತಯಾರಿಸುವುದು ಜೀವಿ, ಆದರೆ ಅವು ನಡೆಸುವುದು ರಾಸಾಯನಿಕ ಕ್ರಿಯೆ. ಬುಕ್ನರ್‌ಗೆ 1907ರಲ್ಲಿ ಸಿಕ್ಕಿದ್ದು ರಸಾಯನಶಾಸ್ತ್ರದ ನೊಬೆಲ್.

ಅಂದರೆ ನಮ್ಮ ಹುಡುಗಿ ಪಾಶ್ಚರ್ ಪಕ್ಷದಲ್ಲಿದ್ದಳು, ಉತ್ತರಸೂಚಿ ಲೀಬಿಗ್ ಪಕ್ಷದಲ್ಲಿತ್ತು. ಇಬ್ಬರೂ ಅರ್ಧ ಸರಿ. ನಲವತ್ತು ವರ್ಷ ನಡೆದ ಆ ವಾದದ ಒಳಗೆ ಒಂದು ಇಡೀ ಹೊಸ ಶಾಸ್ತ್ರವೇ, ಜೀವರಸಾಯನಶಾಸ್ತ್ರವೇ, ಹುಟ್ಟಿಕೊಂಡಿತು. ಅದನ್ನು ಒಂದು ಅಂಕದ ‘ಹೊಂದಿಸಿ ಬರೆಯಿರಿ’ ಮಾಡಿಬಿಟ್ಟಿದ್ದೇವೆ.

ಭೌತಶಾಸ್ತ್ರವೂ ಈ ಬಟ್ಟಲಿನಿಂದ ಹೊರಗಿಲ್ಲ. ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನಿನ ಸಣ್ಣ ಉಂಡೆಗಳು ತೇಲುತ್ತಿರುತ್ತವೆ. ಅವುಗಳ ಮೇಲೆ ಋಣ ವಿದ್ಯುದಂಶವಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತ ಹೋದಂತೆ ಆ ವಿದ್ಯುದಂಶ ಕರಗುತ್ತದೆ, ತಳ್ಳಾಟ ನಿಲ್ಲುತ್ತದೆ, ಉಂಡೆಗಳು ಅಂಟಿಕೊಂಡು ಬಲೆಯಾಗುತ್ತವೆ, ನೀರು ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದೇ ಗಟ್ಟಿ ಮೊಸರು. ಇನ್ನು ಶಾಖದ ಮಾತು. ದೆಹಲಿಯಲ್ಲಿರುವ ಓದುಗರಿಗೆ ಜನವರಿಯ ಮೊಸರಿನ ಕಷ್ಟ ನಾನು ಹೇಳಬೇಕಾಗಿಲ್ಲ. ಪಾತ್ರೆಗೆ ಶಾಲು ಸುತ್ತಿ, ಹಿಟ್ಟಿನ ಡಬ್ಬದೊಳಗಿಟ್ಟು, ಬೆಳಿಗ್ಗೆ ನೋಡಿದರೂ ಹಾಲು ಹಾಲಾಗಿಯೇ ಇರುತ್ತದೆ. ಚೆನ್ನೈಯವರಿಗೆ ಮೇ ತಿಂಗಳಲ್ಲಿ ಇದರ ಉಲ್ಟಾ: ಬೆಳಿಗ್ಗೆ ಹೆಪ್ಪಾದದ್ದು ಮಧ್ಯಾಹ್ನದ ಊಟಕ್ಕೆ ಹುಳಿ. ಹೆಪ್ಪು ಒಂದೇ, ಹಾಲು ಒಂದೇ, ಊರು ಬೇರೆ. ಒಂದು ಬಟ್ಟಲು ಮೊಸರಿನಲ್ಲಿ ಮೂರೂ ಶಾಖೆಗಳಿವೆ, ಅವುಗಳ ನಡುವೆ ಎಲ್ಲೂ ಬೇಲಿ ಇಲ್ಲ.

ಬೇಲಿ ಹಾಕಿದವರು ನಾವು, ಅದೂ ಈಚೆಗೆ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮಹಾಗ್ರಂಥದ ಹೆಸರಿನಲ್ಲಿ ‘ಭೌತಶಾಸ್ತ್ರ’ ಎಂಬ ಪದವಿಲ್ಲ, ಅವರು ಕರೆದದ್ದು ‘ಪ್ರಕೃತಿ ತತ್ತ್ವಶಾಸ್ತ್ರ’ ಎಂದು. ‘ಬಯಾಲಜಿ’ ಎಂಬ ಪದ ಈಗಿನ ಅರ್ಥದಲ್ಲಿ ಬಳಕೆಗೆ ಬಂದದ್ದು 1800ರ ಆಸುಪಾಸಿನಲ್ಲಿ. ‘ಸೈಂಟಿಸ್ಟ್’ ಎಂಬ ಪದವನ್ನು ವಿಲಿಯಂ ಹ್ಯೂವೆಲ್ ಟಂಕಿಸಿದ್ದು 1830ರ ದಶಕದಲ್ಲಿ. ವಿಶ್ವವಿದ್ಯಾಲಯಗಳಿಗೆ ವಿಭಾಗಗಳು ಬೇಕಾದವು, ವಿಭಾಗಗಳಿಗೆ ಮುಖ್ಯಸ್ಥರು, ಪರೀಕ್ಷೆಗಳಿಗೆ ಪತ್ರಿಕೆಗಳು, ಪತ್ರಿಕೆಗಳಿಗೆ ಅಂಕಗಳು ಬೇಕಾದವು. ಶಾಖೆಗಳು ಗಟ್ಟಿಯಾದದ್ದರಲ್ಲಿ ಈ ಆಡಳಿತದ ಪಾಲೂ ದೊಡ್ಡದು. ಅದು ಬೇಡದ ಕೆಲಸ ಎನ್ನುತ್ತಿಲ್ಲ. ತಾಲ್ಲೂಕುಗಳಿಲ್ಲದೆ ರಾಜ್ಯ ನಡೆಯುವುದಿಲ್ಲ. ಆದರೆ ಭೀಮಾ ನದಿಯನ್ನು ಮಗುವಿಗೆ ತೋರಿಸುವಾಗ ಅದು ಹರಿಯುವ ತಾಲ್ಲೂಕುಗಳ ಪಟ್ಟಿ ಒಪ್ಪಿಸಿ, ನೀರು ಮಾತ್ರ ತೋರಿಸದೆ ಮನೆಗೆ ಕಳಿಸುತ್ತೇವೆಯೇ?

ಈ ವಿಂಗಡಣೆಯಿಂದ ಆಗುವ ಕೇಡು ಒಂದು ಅಂಕದ್ದಲ್ಲ. ಮೊದಲನೆಯದಾಗಿ, ಮೂರು ಕೊಂಬೆಯ ಮರದಲ್ಲಿ ಎಷ್ಟೋ ವಿಜ್ಞಾನಕ್ಕೆ ಜಾಗವೇ ಇಲ್ಲ. ಪುಣೆ, ಮುಂಬೈ ಮಕ್ಕಳು ದಿನವೂ ನಡೆದಾಡುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಉಕ್ಕಿ ಹರಿದು ತಣಿದ ಕರಿಕಲ್ಲಿನ ಮೇಲೆ. ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಕಡೆಯೆಲ್ಲ ಅದರ ಪದರಗಳು ಮೆಟ್ಟಿಲಿನ ಹಾಗೆ ಕಾಣುತ್ತವೆ. ಇದು ಯಾವ ಶಾಖೆ ಎಂದು ಆ ಹುಡುಗಿಯನ್ನು ಕೇಳಿದೆ. “ಅದು ಸೈನ್ಸ್ ಅಲ್ರೀ, ಜಾಗ್ರಫಿ” ಎಂದಳು. ಶಾಲೆಯಲ್ಲಿ ಕಲ್ಲು, ಮಳೆ, ಭೂಕಂಪಗಳ ಹೆಚ್ಚಿನ ಪಾಠ ಸಮಾಜ ವಿಜ್ಞಾನದ ಪುಸ್ತಕದಲ್ಲಿರುವುದರಿಂದ ಅವಳ ಲೆಕ್ಕದಲ್ಲಿ ಭೂವಿಜ್ಞಾನ ವಿಜ್ಞಾನವೇ ಅಲ್ಲ.

ಎರಡನೆಯದು ಇನ್ನೂ ಗಂಭೀರ. ಕೊಂಬೆಗಳನ್ನು ಮೊದಲು ತೋರಿಸಿದರೆ ಮಗು ಆಯ್ಕೆಗೆ ಇಳಿಯುತ್ತದೆ. “ನನಗೆ ಫಿಸಿಕ್ಸ್ ಆಗಲ್ಲ, ಬಯಾಲಜಿ ಪರವಾಗಿಲ್ಲ” ಎಂದು ಏಳನೇ ತರಗತಿಯ ಮಕ್ಕಳು ಹೇಳುವುದನ್ನು ನೀವೂ ಕೇಳಿರುತ್ತೀರಿ. ಭೌತಶಾಸ್ತ್ರದ ನಾಲ್ಕು ಸಾಲು ಓದುವ ಮೊದಲೇ ತಾನು ಅದಕ್ಕೆ ಲಾಯಕ್ಕಲ್ಲ ಎಂಬ ತೀರ್ಪು. ಅದರ ಹಿಂದೆಯೇ ಇಂಜಿನಿಯರಿಂಗೋ ಮೆಡಿಕಲ್ಲೋ ಎಂಬ ದೊಡ್ಡವರ ಪ್ರಶ್ನೆ ನಿಂತಿರುತ್ತದೆ. ಮರದ ಚಿತ್ರ ಬರೆದು ಕೊಡುವುದೆಂದರೆ ಹನ್ನೊಂದರ ಮಗುವಿನ ಕೈಗೆ ಹದಿನೇಳರ ಅರ್ಜಿ ಫಾರ್ಮು ಕೊಟ್ಟ ಹಾಗೆ.

ಈಗ ಚಿದಂಬರಂನಲ್ಲಿ ಹುಟ್ಟಿ ಬರೋಡಾದಲ್ಲಿ ಓದಿದ ವೆಂಕಟರಾಮನ್ ರಾಮಕೃಷ್ಣನ್ ಅವರನ್ನು ಈ ಮರದ ಯಾವ ಕೊಂಬೆಗೆ ಕೂರಿಸುತ್ತೀರಿ? ಬಿಎಸ್ಸಿ ಮಾಡಿದ್ದು ಭೌತಶಾಸ್ತ್ರದಲ್ಲಿ, ಡಾಕ್ಟರೇಟ್ ಪಡೆದದ್ದೂ ಭೌತಶಾಸ್ತ್ರದಲ್ಲಿ. ಅದಾದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಕೂತು ಜೀವಶಾಸ್ತ್ರ ಕಲಿತರು. ಜೀವಕೋಶದೊಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮಿನ ರಚನೆಯನ್ನು ಬಿಡಿಸಿದ್ದಕ್ಕೆ 2009ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ಬಂದದ್ದು ರಸಾಯನಶಾಸ್ತ್ರದ ನೊಬೆಲ್. ‘ಹೊಂದಿಸಿ ಬರೆಯಿರಿ’ ಪ್ರಶ್ನೆಯಲ್ಲಿ ಅವರ ಹೆಸರು ಕೊಟ್ಟರೆ ಉತ್ತರಸೂಚಿ ಬರೆದವರೇ ಕಂಗಾಲಾಗುತ್ತಾರೆ.

ಸರಿ, ಟೀಕೆ ಸುಲಭ, ಮಾಡುವುದೇನು ಎಂದು ನೀವು ಕೇಳಬಹುದು. ಆ ಸಂಜೆ ನಾವು ಮಾಡಿದ್ದನ್ನು ಹೇಳುತ್ತೇನೆ. ಹುಡುಗಿಗೆ ನಾನು ಉತ್ತರ ಹೇಳಲಿಲ್ಲ. “ಹೆಪ್ಪು ಸಾಯತದ ಅನ್ನೂದು ಖರೇ ಏನು ಅಂತ ಹೆಂಗ ನೋಡೂದು?” ಎಂದು ಕೇಳಿದೆ. ಅವಳ ಅಜ್ಜಿಯ ಅಡುಗೆಮನೆಯಲ್ಲಿ ಸ್ಟೀಲ್ ಬಟ್ಟಲುಗಳನ್ನು ಸಾಲಾಗಿ ಇಟ್ಟೆವು. ಕಾಯಿಸಿ ಆರಿಸಿದ ಹಾಲು ಎಲ್ಲಕ್ಕೂ ಸಮ. ಒಂದಕ್ಕೆ ಎಂದಿನ ಹೆಪ್ಪು. ಎರಡನೆಯದಕ್ಕೆ ಕುದಿಯುವ ನೀರಿನಲ್ಲಿ ಸಣ್ಣ ಬಟ್ಟಲಿಟ್ಟು ಚೆನ್ನಾಗಿ ಕಾಯಿಸಿ ಆರಿಸಿದ ಹೆಪ್ಪು. ಮೂರನೆಯದಕ್ಕೆ ಎಂದಿನ ಹೆಪ್ಪೇ, ಆದರೆ ಇಟ್ಟದ್ದು ಫ್ರಿಜ್ಜಿನಲ್ಲಿ. ನಾಲ್ಕನೆಯದಕ್ಕೆ ನಿಂಬೆರಸ. ಮುಗಿಯಿತು ಎಂದುಕೊಂಡೆ. ಅವಳು ಇನ್ನೊಂದು ಬಟ್ಟಲು ತಂದಳು. “ಏನೂ ಹಾಕದ್ದು ಒಂದು ಬೇಕಲ್ರಿ ಕಾಕಾ, ಇಲ್ಲಾಂದ್ರ ಹೆಪ್ಪಿನಿಂದನ ಆತು ಅಂತ ಹೆಂಗ ಗೊತ್ತಾಗತದ?” ಇದನ್ನು ನಾನು ಕಾಲೇಜಿನಲ್ಲಿ ಕಲಿತಿದ್ದೆ. ಅವಳಿಗೆ ಯಾರೂ ಕಲಿಸಿರಲಿಲ್ಲ.

ನಿಂಬೆ ಹಾಕಿದ ಹಾಲು ಕಣ್ಣೆದುರೇ ಒಡೆಯಿತು. ಮರುದಿನ ಬೆಳಿಗ್ಗೆ ಎಂದಿನ ಹೆಪ್ಪಿನದು ಮಾತ್ರ ಮೊಸರಾಗಿತ್ತು. ಕಾಯಿಸಿದ ಹೆಪ್ಪಿನದು, ಫ್ರಿಜ್ಜಿನದು, ಏನೂ ಹಾಕದ್ದು ಹಾಲಾಗಿಯೇ ಇದ್ದವು. ಅಜ್ಜಿ ಗೆದ್ದಳು. ಆದರೆ ನಿಂಬೆಯ ಬಟ್ಟಲು ಹುಡುಗಿಯನ್ನು ಕಾಡಿತು. ಅಲ್ಲಿ ಯಾವ ಜೀವವೂ ಇಲ್ಲದೆ ಹಾಲು ಗಡ್ಡೆಯಾಗಿದೆಯಲ್ಲ? ಹಾಗಾದರೆ ಮೊಸರಿನಲ್ಲಿ ಜೀವಿಗಳು ಮಾಡುವುದು ಹುಳಿಯನ್ನು, ಗಟ್ಟಿ ಮಾಡುವುದು ಆ ಹುಳಿ ಎಂಬಲ್ಲಿಗೆ ತಾನಾಗಿಯೇ ಬಂದಳು. ಎರಡು ದಿನದ ಮೇಲೆ ಏನೂ ಹಾಕದ ಬಟ್ಟಲೂ ಕೆಟ್ಟು ವಾಸನೆ ಬಂತು. “ಅದರೊಳಗ ಯಾರು ಹೋದ್ರು?” ಎಂದಳು. ಪಾಶ್ಚರ್ ಮುಂದಿನ ವರ್ಷಗಳಲ್ಲಿ ಹಿಂಬಾಲಿಸಿ ಹೋದದ್ದು ಇದೇ ಪ್ರಶ್ನೆಯನ್ನು.

ಶಾಖೆಗಳ ಪರಿಚಯ ಬರಬೇಕಾದದ್ದು ಇಲ್ಲಿ. ಹೆಪ್ಪಿನೊಳಗೆ ಯಾರಿದ್ದಾರೆ, ಏನು ತಿನ್ನುತ್ತಾರೆ, ಹೇಗೆ ಹೆಚ್ಚುತ್ತಾರೆ ಎಂದು ಕೇಳುವವರು ಜೀವಶಾಸ್ತ್ರದವರು. ಸಿಹಿ ಹೇಗೆ ಹುಳಿಯಾಯಿತು ಎಂದು ಕೇಳುವವರು ರಸಾಯನಶಾಸ್ತ್ರದವರು. ಶಾಲು ಸುತ್ತಿದರೆ ಯಾಕೆ ಬೇಗ ಆಗುತ್ತದೆ, ದ್ರವ ಹೇಗೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಕೇಳುವವರು ಭೌತಶಾಸ್ತ್ರದವರು. ಹೀಗೆ ಹೇಳಿದರೆ ಮಗುವಿಗೆ ಶಾಖೆ ಎಂದರೆ ಒಂದು ಬಗೆಯ ಪ್ರಶ್ನೆ ಎಂದು ತಿಳಿಯುತ್ತದೆ. ಒಂದೇ ಬಟ್ಟಲಿಗೆ ಮೂರೂ ಪ್ರಶ್ನೆ ಕೇಳಬಹುದು ಎಂದೂ ತಿಳಿಯುತ್ತದೆ. ಹೆಸರುಗಳನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಣೆಗಳು ಬರುತ್ತವೆ. ಎರಡೂ ಹಗುರವಲ್ಲ.

ಮೊದಲನೆಯದು: ಆಳಕ್ಕೆ ಹೋಗಬೇಕಾದರೆ ಶಾಖೆ ಬೇಕೇ ಬೇಕು, ಎಲ್ಲವೂ ಎಲ್ಲದರಲ್ಲೂ ಇದೆ ಎಂದು ಹೇಳುತ್ತ ಕೂತರೆ ಮಗು ಯಾವುದನ್ನೂ ಕಲಿಯುವುದಿಲ್ಲ. ಇದು ನಿಜ. ರಸಾಯನಶಾಸ್ತ್ರದಲ್ಲೇ ಮುಳುಗಿ ವರ್ಷಗಳನ್ನು ಕಳೆಯದಿದ್ದರೆ ನನಗೆ ನನ್ನ ಕೆಲಸ ಬರುತ್ತಿರಲಿಲ್ಲ. ಒಂಬತ್ತು, ಹತ್ತರಲ್ಲಿ ಶಾಖೆಗಳು ಬೇರೆಯಾಗಲಿ, ಅವುಗಳ ಶಿಸ್ತೂ ಲೆಕ್ಕವೂ ಬರಲಿ. ನಾನು ಹೇಳುತ್ತಿರುವುದು ಬಾಗಿಲಿನ ಮಾತು. ಬಾಗಿಲಲ್ಲೇ ಗೋಡೆ ಕಟ್ಟಬೇಡಿ ಎಂದಷ್ಟೇ. ಚೆನ್ನೈಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರಿಗಿಂತ ಶಾಖಾಪರಿಣತರು ಬೇಕೇ? ‘ಹಸುರು ಹೊನ್ನು’ ಬರೆಯುವಾಗ ಅವರು ವಿದ್ಯಾರ್ಥಿಗಳ ಜೊತೆ ಕಾಡು ಸುತ್ತುತ್ತ, ಗಿಡದ ಜೊತೆಗೆ ಊಟ, ಹಾಸ್ಯ, ಸಾಹಿತ್ಯ ಎಲ್ಲವನ್ನೂ ಬುತ್ತಿ ಕಟ್ಟಿಕೊಂಡು ಹೋದರು. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಪುಸ್ತಕ ಓದಿ ಸಸ್ಯಗಳತ್ತ ತಿರುಗಿದವರು ನಮ್ಮ ನಡುವೆಯೇ ಇದ್ದಾರೆ. ಸಸ್ಯಶಾಸ್ತ್ರದ ವ್ಯಾಖ್ಯೆ ಓದಿ ಹಾಗೆ ತಿರುಗಿದವರನ್ನು ನಾನು ಕಂಡಿಲ್ಲ.

ಎರಡನೆಯದು: ಪೋರ್ಷನ್ ಮುಗಿಸಬೇಕು, ಪ್ರಯೋಗಾಲಯವಿಲ್ಲ, ಸರ್ಕಾರಿ ಶಾಲೆಗಳಲ್ಲಿ ಇದು ಆಗದ ಮಾತು. ಆಗದ ಮಾತಲ್ಲ, ಆಗಿತ್ತು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಿಂದ ಶುರುವಾದ ಕಾರ್ಯಕ್ರಮದಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳು ಪ್ರಯೋಗ ಮಾಡಿಯೇ ವಿಜ್ಞಾನ ಕಲಿತರು. ದೆಹಲಿ ವಿಶ್ವವಿದ್ಯಾಲಯದ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದು ಹಳ್ಳಿಯ ಶಿಕ್ಷಕರ ಜೊತೆ ಕೂತು ಪಾಠ ರೂಪಿಸಿದರು. ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ ಇತ್ತು, ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಮೂವತ್ತು ವರ್ಷ ನಡೆಯಿತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಆ ಕಾರ್ಯಕ್ರಮದಿಂದ ಪಾಠ ಕಲಿತ ಅರವಿಂದ ಗುಪ್ತಾ ಅವರು ಮುಂದೆ ಇದೇ ಪುಣೆಯ ಐಯುಕಾದ ಮಕ್ಕಳ ಕೇಂದ್ರದಲ್ಲಿ ಕೂತು ಬೆಂಕಿಪೊಟ್ಟಣ, ಸ್ಟ್ರಾ, ಹಳೇ ಸೈಕಲ್ ಟ್ಯೂಬುಗಳಿಂದ ವಿಜ್ಞಾನದ ಆಟಿಕೆ ಮಾಡಿ ತೋರಿಸಿದರು. ಹಣದ, ಪ್ರಯೋಗಾಲಯದ ನೆಪ ಅಲ್ಲಿಗೆ ಮುಗಿಯಬೇಕಿತ್ತು.

ಸರ್ಕಾರಿ ಪಠ್ಯಪುಸ್ತಕಗಳೂ ಎಲ್ಲ ಕಡೆ ಅಪರಾಧಿಗಳಲ್ಲ. 2006ರ ಎನ್‌ಸಿಇಆರ್‌ಟಿ ಆರನೇ ತರಗತಿಯ ವಿಜ್ಞಾನ ಪುಸ್ತಕ ಶುರುವಾದದ್ದು ನಮ್ಮ ಆಹಾರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯಿಂದ. 2024ರಲ್ಲಿ ಬಂದ ಹೊಸ ಪುಸ್ತಕದ ಹೆಸರೇ ‘ಕ್ಯೂರಿಯಾಸಿಟಿ’, ಕುತೂಹಲ. ಪುಸ್ತಕ ಕುತೂಹಲ ಎನ್ನುತ್ತದೆ, ಅದರ ಮೇಲೆ ಹೊದಿಸುವ ನೋಟ್ಸು ‘ಹೊಂದಿಸಿ ಬರೆಯಿರಿ’ ಎನ್ನುತ್ತದೆ. ಆ ನೋಟ್ಸಿಗೆ ದುಡ್ಡು ಕೊಡುವವರು ನಾವೇ, ತಂದೆತಾಯಂದಿರು.

ಕನ್ನಡನಾಡಿನಿಂದ ಹೊರಗಿರುವ ನಮಗೆ ಇದರಲ್ಲಿ ಇನ್ನೊಂದು ನಷ್ಟವಿದೆ. ನಮ್ಮ ಮಕ್ಕಳಿಗೆ ಹೆಪ್ಪು, ಕೆನೆ, ಹದ, ಕಡೆಗೋಲು, ಹುಳಿ, ಜಿಡ್ಡು ಎಂಬ ಮಾತುಗಳು ಮನೆಯವು. ಆ ಒಂದೊಂದು ಮಾತಿನಲ್ಲೂ ಯಾರೋ ನೋಡಿ, ಮಾಡಿ, ಕೆಡಿಸಿ, ಮತ್ತೆ ಮಾಡಿ ಕಂಡುಕೊಂಡ ತಿಳಿವಳಿಕೆ ಇದೆ. ವಿಜ್ಞಾನ ಎಂಬುದು ಶಾಲೆಯಲ್ಲಿ ಇಂಗ್ಲಿಷ್ ವ್ಯಾಖ್ಯೆಗಳ ರೂಪದಲ್ಲಿ ಬರುವ ಬೇರೆಯೇ ವಸ್ತುವಾದರೆ, ಅಜ್ಜಿಯ ಮಾತು ಬರಿಯ ಅಡುಗೆಮನೆಯ ಮಾತಾಗಿ ಉಳಿಯುತ್ತದೆ. ಅಜ್ಜಿ ಹೇಳಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಅಜ್ಜಿಯ ಮಾತನ್ನೂ ಬಟ್ಟಲಿಟ್ಟು ಪರೀಕ್ಷಿಸಬಹುದು, ಉತ್ತರಸೂಚಿಯನ್ನೂ ಬಟ್ಟಲಿಟ್ಟು ಪರೀಕ್ಷಿಸಬಹುದು ಎಂದು ಮಗುವಿಗೆ ಗೊತ್ತಾಗಲಿ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಕನ್ನಡದಲ್ಲಿ ತಂದರು. ಮಗುವಿನ ಮನೆಮಾತಿನಲ್ಲೇ ಜಗತ್ತನ್ನು ತೋರಿಸಬಹುದು ಎಂಬ ಆ ಭರವಸೆಯನ್ನು ನಾವು ಯಾವಾಗ ಕಳೆದುಕೊಂಡೆವು?

ಆ ಒಂದು ಅಂಕದ ಕಥೆ ಹೇಳಿ ಮುಗಿಸುತ್ತೇನೆ. ಹುಡುಗಿಯ ತಾಯಿ ಶಾಲೆಯ ಡೈರಿಯಲ್ಲಿ ಎರಡು ಸಾಲು ಬರೆದು ಕಳಿಸಿದರು. ಉತ್ತರಸೂಚಿಯಲ್ಲಿ ಹಾಗೇ ಇದೆ, ಬದಲಿಸಲು ಬರುವುದಿಲ್ಲ ಎಂದು ಶಿಕ್ಷಕಿ ವಿನಯದಿಂದಲೇ ಉತ್ತರಿಸಿದರು. ಅಂಕ ಬರಲಿಲ್ಲ. ಕೆಲವು ದಿನಗಳ ನಂತರ ಆ ಹುಡುಗಿಯನ್ನು ಕೇಳಿದೆ, ಮುಂದಿನ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದರೆ ಏನು ಬರೆಯುತ್ತೀ?

“ಪರೀಕ್ಷಾದಾಗ ಕೆಮಿಸ್ಟ್ರಿ ಅಂತ ಬರೀತೀನ್ರಿ ಕಾಕಾ. ಮನ್ಯಾಗ ಖರೇ ಏನು ಅಂತ ಗೊತ್ತದಲ್ರಿ.”

ಅವಳು ನಗುತ್ತ ಹೇಳಿದಳು, ನನಗೆ ನಗು ಬರಲಿಲ್ಲ. ಅಂಕಕ್ಕೆ ಒಂದು ಉತ್ತರ, ನಿಜಕ್ಕೆ ಇನ್ನೊಂದು ಉತ್ತರ ಎಂದು ಹನ್ನೊಂದನೇ ವರ್ಷಕ್ಕೇ ಕಲಿತ ಮಗು ಮುಂದೆ ಯಾವ ಶಾಖೆಗೆ ಹೋದರೂ ಆ ಪಾಠವನ್ನು ಜೊತೆಗೇ ಒಯ್ಯುತ್ತದೆ. ವಿಜ್ಞಾನದ ಮೊದಲ ತರಗತಿ ಕಲಿಸಬಾರದ ಪಾಠವೊಂದಿದ್ದರೆ ಅದು ಇದೇ.

ಈ ಪತ್ರ ನಿಮಗೆ ತಲುಪುವ ಹೊತ್ತಿಗೆ ನಿಮ್ಮ ಮನೆಯಲ್ಲೂ ಆರನೆಯದೋ ಏಳನೆಯದೋ ಓದುವ ಮಗುವಿದ್ದರೆ ಇಂದು ರಾತ್ರಿ ಐದು ಬಟ್ಟಲು ಇಡಿ. ದೆಹಲಿಯಲ್ಲಿ ಎಷ್ಟು ಗಂಟೆ ಹಿಡಿಯಿತು, ಹೈದರಾಬಾದಿನಲ್ಲಿ ಎಷ್ಟು, ಚೆನ್ನೈಯಲ್ಲಿ ಎಷ್ಟು ಎಂದು ಮಕ್ಕಳೇ ಗಡಿಯಾರ ನೋಡಿ ಬರೆದಿಡಲಿ. ಬೇರೆ ಊರಿನ ನೆಂಟರ ಮಕ್ಕಳಿಗೆ ಫೋನ್ ಮಾಡಿ ಲೆಕ್ಕ ಹೋಲಿಸಲಿ. ಶಾಖೆಯ ಹೆಸರನ್ನು ಆಮೇಲೆ ಹೇಳಿದರಾಯಿತು.